ಬಾಯಲ್ಲಿ ಮರಿ ಮಾಡುವ ಮೀನು, ಕೊಡಗಿನ ಬಾವಿ ನೀರು

ಬಾಯಲ್ಲಿ ಮೊಟ್ಟೆ ಇಟ್ಟುಕೊಂಡು ಮರಿ ಮಾಡುವ ಸಿಕ್ಲಿಡ್ ಬಳಗದ ಮೀನುಗಳಿಂದ ಮರಿ ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ನಮ್ಮ ಕೆರೆಗಳ ಜಿಲೇಬಿ ಮೀನೂ ಇದೇ ಬಳಗದ್ದು, ಅದೂ ಬಾಯಲ್ಲೇ ಮರಿ ಮಾಡುತ್ತದೆ. 1952ರಲ್ಲಿ ಭಾರತಕ್ಕೆ ತಂದುಬಿಟ್ಟ ಮೀನು ಈಗ ಎಷ್ಟೋ ಕೆರೆಗಳಲ್ಲಿ ಬೇಡವೆಂದರೂ ಸಿಗುತ್ತದೆ. ಅಪರೂಪದ ಜಾತಿಯನ್ನು ಸಾಕುವವನ ಕಷ್ಟ ಬೇರೆ: ಮರಿ ಬಂದಮೇಲೆ ಆ ತಳಿ ಬೆರಕೆಯಾಗದ ಹಾಗೆ, ಹೆಸರು ಕಳೆದುಕೊಳ್ಳದ ಹಾಗೆ ಮುಂದಕ್ಕೆ ದಾಟಿಸಬೇಕು. ಇದನ್ನು ಮಾಡುವವರು ನಮ್ಮಲ್ಲಿ ಕಡಿಮೆ. ಸೋಮವಾರಪೇಟೆ ಕಡೆಯ ನಮ್ಮ ತೋಟದ ಮನೆಯಲ್ಲಿ ನಾನು ಇದನ್ನು ಹೇಗೆ ಮಾಡುತ್ತಿದ್ದೇನೆ ಎಂಬುದಷ್ಟೇ ಇಲ್ಲಿದೆ.

ನನ್ನಲ್ಲಿರುವುದು ಎರಡೇ ಜಾತಿ. ಒಂದು, ಆಫ್ರಿಕಾದ ಮಲಾವಿ ಸರೋವರದ ಸೌಲೋಸಿ. ಆ ದೊಡ್ಡ ಸರೋವರದಲ್ಲಿ ಅದು ಇರುವುದು ಚಿಜುಮುಲು ದ್ವೀಪದ ಹತ್ತಿರದ ಒಂದೇ ಒಂದು ಬಂಡೆದಿಬ್ಬದಲ್ಲಿ. ಅದಕ್ಕೆ ವೈಜ್ಞಾನಿಕ ಹೆಸರು ಬಿದ್ದದ್ದು 1990ರಲ್ಲಿ. ಅಲ್ಲಿಂದಾಚೆ ಅಕ್ವೇರಿಯಂ ವ್ಯಾಪಾರಕ್ಕೆಂದೇ ಎಷ್ಟು ಹಿಡಿದರೆಂದರೆ ಇವತ್ತು ಅದು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ, ತೀರಾ ಅಳಿವಿನಂಚಿನ ವರ್ಗದಲ್ಲಿ ಕೂತಿದೆ. ಇನ್ನೊಂದು ಉಗಾಂಡದ ಕ್ಯೋಗ ಸರೋವರದ ಪಕ್ಕದ ನವಂಪಾಸ ಎಂಬ ಚಿಕ್ಕ ಕೆರೆಯ ಲ್ಯಾಟಿಫ್ಯಾಸಿಯಾಟ. ವಿಕ್ಟೋರಿಯಾ ಮತ್ತು ಕ್ಯೋಗ ಸರೋವರಗಳಿಗೆ 1950ರ ದಶಕದಲ್ಲಿ ನೈಲ್ ಪರ್ಚ್ ಎಂಬ ಆಳೆತ್ತರದ ಬೇಟೆಮೀನನ್ನು ಬಿಟ್ಟರು. 1980ರ ದಶಕದ ಹೊತ್ತಿಗೆ ವಿಕ್ಟೋರಿಯಾದ ನೂರಾರು ಜಾತಿಯ ಸಣ್ಣ ಸಿಕ್ಲಿಡ್‌ಗಳು ಕಾಣೆಯಾದವು. ಸುತ್ತ ಜೌಗು, ಜೊಂಡು ಬೆಳೆದು ಪರ್ಚ್ ನುಗ್ಗಲಾಗದ ಇಂಥ ಪಕ್ಕದ ಕೆರೆಗಳಲ್ಲಿ ಒಂದಷ್ಟು ಉಳಿದುಕೊಂಡವು. ಅಂಗಡಿಯಲ್ಲಿ ಈ ಮೀನನ್ನು ಜೀಬ್ರಾ ಆಬ್ಲಿಕ್ವಿಡೆನ್ಸ್ ಎಂದು ಮಾರುತ್ತಾರೆ. ನಿಜವಾದ ಆಬ್ಲಿಕ್ವಿಡೆನ್ಸ್ ಬೇರೆಯೇ ಮೀನು.

ಕೊಡಗಿಗೆ ರೈಲಿಲ್ಲ, ಮೀನು ಬರುವುದು ಬಸ್ಸಿನಲ್ಲೇ. ಅಕ್ವೇರಿಯಂ ಮೀನಿನ ವ್ಯಾಪಾರಕ್ಕೆ ಹೆಸರಾದ ಚೆನ್ನೈನ ಕೊಳತ್ತೂರಿನಿಂದ ಬೆಂಗಳೂರಿಗೆ, ಅಲ್ಲಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಕುಶಾಲನಗರಕ್ಕೆ. ಆಕ್ಸಿಜನ್ ತುಂಬಿದ ಚೀಲದಲ್ಲಿ ಒಂದು ದಿನ ಆರಾಮಾಗಿ ತಡೆಯುತ್ತವೆ. ಕಳಿಸುವವರಿಗೆ ಮುಂಚೆ ಎರಡು ದಿನ ತಿಂಡಿ ಹಾಕಬೇಡಿ ಎಂದು ಹೇಳಿದರೆ ಆಯಿತು.

ಬಂದಮೇಲೆ ನೀರಿನ ಪಂಚಾಯಿತಿ ಶುರು. ನೀರಿನ ಹುಳಿ, ಕ್ಷಾರದ ಅಳತೆಗೆ ಪಿಎಚ್ ಎನ್ನುತ್ತಾರೆ, ಏಳಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ಮಲಾವಿಯ ನೀರಿನ ಪಿಎಚ್ 7.7ರಿಂದ 8.6. ನಮ್ಮ ಬಾವಿಯದ್ದು ಮೆದು ನೀರು, ಏಳಕ್ಕಿಂತ ಕೆಳಗೆ. ಇಷ್ಟು ಮಳೆ ಬೀಳುವ ಕೆಂಪುಮಣ್ಣಿನಲ್ಲಿ ಸುಣ್ಣದಂಶ ಎಲ್ಲಿ ನಿಲ್ಲುತ್ತದೆ? ತೋಟಕ್ಕೇ ವರ್ಷ ಬಿಟ್ಟು ವರ್ಷ ಸುಣ್ಣ ಹಾಕುವವರು ನಾವು. ಹೊರದೇಶದ ಬರಹಗಳಲ್ಲೆಲ್ಲ ಹವಳದ ಪುಡಿ ಹಾಕಿ ಎಂದಿರುತ್ತದೆ. ನಮ್ಮ ದೇಶದಲ್ಲಿ ಹವಳ ವನ್ಯಜೀವಿ ಕಾಯಿದೆಯಡಿ ಬರುತ್ತದೆ, ಅದರ ತಂಟೆ ಬೇಡ. ಮಂಗಳೂರು ಕಡೆ ಮರುವಾಯಿ ಎಂಬ ಚಿಪ್ಪುಜೀವಿಯನ್ನು ತಿಂದು ಬಿಸಾಡುವ ಚಿಪ್ಪು ಮೂಟೆಗಟ್ಟಲೆ ಸಿಗುತ್ತದೆ. ಅದನ್ನೇ ಕುದಿಸಿ, ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಕುಟ್ಟಿ, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರ್ ಒಳಗಿಡುತ್ತೇನೆ. ಚಿಪ್ಪಿನ ಗುಣವೆಂದರೆ ನೀರು ಹುಳಿಯಾದಷ್ಟೂ ಬೇಗ ಕರಗುತ್ತದೆ, ಪಿಎಚ್ ಎಂಟರ ಹತ್ತಿರ ಬಂದಾಗ ತಾನಾಗಿ ನಿಧಾನವಾಗುತ್ತದೆ. ನೀರು ಬದಲಿಸುವ ದಿನ ಮಾತ್ರ ಚಿಪ್ಪನ್ನು ನಂಬಿ ಕೂರಲಾಗದು. ಹೊಸ ನೀರನ್ನು ಹಿಂದಿನ ದಿನವೇ ಡ್ರಮ್ಮಿಗೆ ತುಂಬಿ, 50 ಲೀಟರಿಗೆ ಒಂದು ಟೀ ಚಮಚದಂತೆ ಅಡುಗೆ ಸೋಡಾ ಹಾಕಿಡುತ್ತೇನೆ, ಪಿಎಚ್ ಏರುಪೇರಾಗದಂತೆ ತಡೆಯುವ ಕಾರ್ಬೊನೇಟ್ ಗಡಸುತನ (ಕೆಎಚ್) ನಾಲ್ಕರಷ್ಟು ಏರುತ್ತದೆ. ಜೊತೆಗೆ ಗೊಬ್ಬರದಂಗಡಿಯ ಮೆಗ್ನೀಸಿಯಂ ಸಲ್ಫೇಟ್ ಸ್ವಲ್ಪ. ಇದಕ್ಕಿಂತ ಹೆಚ್ಚು ಬೇಕಿಲ್ಲ. ಮಲಾವಿ ನೀರು ಜನ ಅಂದುಕೊಂಡಷ್ಟು ಗಡಸಲ್ಲ, ಇವತ್ತೊಂದು ನಾಳೆ ಇನ್ನೊಂದು ಆಗದಿದ್ದರೆ ಸಾಕು.

ಡ್ರಮ್ಮಿನ ಬಗ್ಗೆ ತೋಟದವರಿಗೆ ಒಂದು ಮಾತು. ಮೀನಿನ ಡ್ರಮ್ಮು, ಬಕೆಟ್ಟು, ಪೈಪು ಎಲ್ಲ ಬೇರೆಯೇ ಇರಲಿ. ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನು ಎಷ್ಟೇ ತೊಳೆದರೂ ಒಳಗೋಡೆಗೆ ಮೈಲುತುತ್ತ, ಅಂದರೆ ತಾಮ್ರದ ಉಪ್ಪು, ಅಂಟಿಕೊಂಡಿರುತ್ತದೆ. ತಾಮ್ರ ಮೀನಿಗೆ ವಿಷ, ಅದರಲ್ಲೂ ಮೆದು ನೀರಿನಲ್ಲಿ ಇನ್ನೂ ಜೋರು. ಕಾಫಿಗೆ, ಮೆಣಸಿಗೆ ಔಷಧಿ ಹೊಡೆಯುವ ವಾರಗಳಲ್ಲಿ ಮಾಡಿನ ನೀರು ಹಿಡಿಯುವುದನ್ನೂ ನಿಲ್ಲಿಸುತ್ತೇನೆ.

ಸೌಲೋಸಿ ಇರುವುದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕಿನಲ್ಲಿ, ಸುಮಾರು 250 ಲೀಟರ್. ಗುಹೆಗಳಿಗೆ ಒಡೆದ ಮಂಗಳೂರು ಹೆಂಚು. ದುಡ್ಡಿಲ್ಲ, ನೀರಿಗೆ ಏನೂ ಬಿಡುವುದಿಲ್ಲ, ಮೀನು ಹಿಡಿಯುವಾಗ ಎತ್ತಲು ಹಗುರ. ಎರಡು ಮೂರು ಗಂಡು, ಒಂಬತ್ತು ಹತ್ತು ಹೆಣ್ಣು. ಒಂದು ಗಂಡಿಗೆ ಒಂದು ಹೆಣ್ಣು ಬಿಟ್ಟರೆ ಆ ಹೆಣ್ಣು ಒಂದು ವಾರ ಬದುಕಿದರೆ ಹೆಚ್ಚು, ಗಂಡು ಅಟ್ಟಾಡಿಸಿಯೇ ಕೊಲ್ಲುತ್ತದೆ. ಹೆಣ್ಣುಗಳು ಹೆಚ್ಚಿದ್ದರೆ ಕಾಟ ಹಂಚಿಹೋಗುತ್ತದೆ. ತಿಂಡಿ ಸ್ಪಿರುಲಿನ ಎಂಬ ಪಾಚಿಯ ಕಾಳು, ಬೇಯಿಸಿದ ಪಾಲಕ್, ಸಿಪ್ಪೆ ಸುಲಿದ ಬಟಾಣಿ. ಇವು ಬಂಡೆಯ ಪಾಚಿ ಕೆರೆದು ತಿನ್ನುವ ಮೀನು. ರಕ್ತಹುಳು, ಮಾಂಸ ಅಂತ ಆಸೆಗೆ ಹಾಕಿದರೆ ಹೊಟ್ಟೆ ಊದಿ ಸಾಯುತ್ತವೆ.

ಮೊಟ್ಟೆ ಇಡುವುದನ್ನು ಒಮ್ಮೆಯಾದರೂ ಕೂತು ನೋಡಬೇಕು. ಗಂಡು ಒಂದು ಹೆಂಚಿನ ಚೂರನ್ನು ತನ್ನದು ಮಾಡಿಕೊಂಡು ಅದರ ಮೇಲಿನ ಮರಳನ್ನೆಲ್ಲ ಬಾಯಲ್ಲಿ ಹೊತ್ತು ಆಚೆ ಉಗಿಯುತ್ತದೆ. ನೀಲಿ ಮೈ, ಕಪ್ಪು ಪಟ್ಟೆ ಆವತ್ತು ಮಿರಮಿರ ಹೊಳೆಯುತ್ತವೆ. ಹೆಣ್ಣಿನ ಮುಂದೆ ಅಡ್ಡ ನಿಂತು ಮೈಯೆಲ್ಲ ನಡುಗಿಸುತ್ತದೆ. ಅವಳು ಬಂದರೆ ಇಬ್ಬರೂ ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿಕೊಂಡು ಗುಂಡಗೆ ಸುತ್ತುತ್ತಾರೆ. ಅವಳು ಹಳದಿ ಮೊಟ್ಟೆ ಒಂದೆರಡು ಇಟ್ಟು, ಥಟ್ಟನೆ ತಿರುಗಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಗಂಡಿನ ಹೊಟ್ಟೆಯಡಿಯ ರೆಕ್ಕೆಯ ಮೇಲೆ ಮೊಟ್ಟೆಯಂಥದೇ ಹಳದಿ ಚುಕ್ಕೆಗಳಿರುತ್ತವೆ. ಅದನ್ನೂ ಮೊಟ್ಟೆಯೆಂದು ಹೆಕ್ಕಲು ಅವಳು ಬಾಯಿ ಹಾಕುತ್ತಾಳೆ, ಅದೇ ಹೊತ್ತಿಗೆ ಗಂಡು ವೀರ್ಯ ಬಿಡುತ್ತದೆ, ಬಾಯೊಳಗಿನ ಮೊಟ್ಟೆಗಳು ಫಲಿಸುತ್ತವೆ. ಈ ಚುಕ್ಕೆಗಳ ಕೆಲಸವೇನೆಂದು ವೋಲ್ಫ್‌ಗಾಂಗ್ ವಿಕ್ಲರ್ ಎಂಬ ಪ್ರಾಣಿವಿಜ್ಞಾನಿ 1962ರಲ್ಲಿ ಬರೆದರು. ಓದಿ ತಿಳಿದಿದ್ದರೂ ಕಣ್ಣೆದುರು ಆಗುವಾಗ ನಗು ಬರುತ್ತದೆ.

ಆಮೇಲೆ ಹೆಣ್ಣಿನ ಗದ್ದ ಕೆಳಗಿಳಿದು ಚೀಲವಾಗುತ್ತದೆ. ತಿಂಡಿಗೆ ಬರುವುದಿಲ್ಲ. ಮೊಟ್ಟೆ ಕೆಡದಂತೆ ಆಗಾಗ ಬಾಯೊಳಗೇ ಹೊರಳಿಸುತ್ತಿರುತ್ತಾಳೆ. ಅಮ್ಮ ಮೊದಲ ಸಲ ನೋಡಿದಾಗ ಹೇಳಿದ್ದು: "ಇದಕ್ಕೇನೋ ಹಲ್ಲುನೋವು ಬಂದ ಹಾಗುಂಟಲ್ಲೋ, ದವಡೆ ಊದಿಸಿಕೊಂಡು ಮೂಲೆಯಲ್ಲಿ ನಿಂತಿದೆ." ಅಷ್ಟು ಸರಿಯಾಗಿ ನಾನು ಯಾರಿಗೂ ವಿವರಿಸಿದ್ದಿಲ್ಲ. ಚೊಚ್ಚಲ ಹೆಣ್ಣುಗಳು ಹೆಚ್ಚಾಗಿ ಎರಡು ಮೂರು ದಿನದಲ್ಲಿ ನುಂಗಿಬಿಡುತ್ತವೆ. ತಲೆ ಕೆಡಿಸಿಕೊಳ್ಳಬೇಕಿಲ್ಲ, ನಾಲ್ಕು ವಾರ ಬಿಟ್ಟು ಮತ್ತೆ ಹಿಡಿಯುತ್ತವೆ.

ಮರಿ ಬಾಯಿಂದ ಹೊರಬರಲು 26, 27 ಡಿಗ್ರಿಯಲ್ಲಿ ಸುಮಾರು ಮೂರು ವಾರ. ನಾನು ಎರಡು ವಾರ ದಾಟಿದ ಮೇಲೆ ಅವಳನ್ನು ಎರಡಡಿ ಟ್ಯಾಂಕಿಗೆ ಬದಲಿಸುತ್ತೇನೆ. ಹಗಲಲ್ಲಿ ಬಲೆ ಹಿಡಿದು ಓಡಿಸಿದರೆ ಮರಿ ಉಗಿಯುವುದು ಖಾತ್ರಿ. ರಾತ್ರಿ ದೀಪ ಆರಿಸಿ ಎರಡು ಗಂಟೆ ಬಿಟ್ಟು ಟಾರ್ಚ್ ಹಾಕಿದರೆ ಹೆಂಚಿನ ಸಂದಿಯಲ್ಲಿ ಮಂಕಾಗಿ ನಿಂತಿರುತ್ತದೆ, ಮಗ್ಗನ್ನು ಮೆಲ್ಲಗೆ ಕೆಳಗೆ ತಂದು ನೀರಿನ ಸಮೇತ ಎತ್ತಬಹುದು. ಒಂದು ಮರಿಯೂ ಹೊರಗೆ ಬೀಳುವುದಿಲ್ಲ.

ಬಾಯಿ ಬಿಡಿಸಿ ಮರಿ ತೆಗೆಯುವವರೂ ಇದ್ದಾರೆ. ಮೊದಲ ವಾರದಲ್ಲೇ ಮೊಟ್ಟೆ ಕಿತ್ತು, ಗಾಳಿ ಬಿಡುವ ಬಾಟಲಿಯಲ್ಲಿ ತಿರುಗಿಸಿ ಮರಿ ಮಾಡುವುದು ಮಾರಾಟಕ್ಕೆ ಸರಿಯಿರಬಹುದು, ನನಗೆ ಒಗ್ಗುವುದಿಲ್ಲ. ಅರ್ಧಕ್ಕರ್ಧ ಬೂಸಲು ಹಿಡಿಯುವುದನ್ನು ನೋಡಿದ್ದೇನೆ. ಅವಳು ತೀರಾ ಬಡಕಲಾಗಿದ್ದರೆ ಮಾತ್ರ ಹದಿನೆಂಟನೇ ದಿನದ ಸುಮಾರಿಗೆ ಕೈ ಹಾಕುತ್ತೇನೆ. ಒದ್ದೆ ಕೈಯಲ್ಲಿ ಹಿಡಿದು, ತಲೆ ಕೆಳಗೆ ಮಾಡಿ ಅದೇ ನೀರಿನ ಟಬ್ಬಿನೊಳಗೆ ಅದ್ದಿ, ಹೆಬ್ಬೆರಳ ಉಗುರಿನಿಂದ ಕೆಳದವಡೆ ಸ್ವಲ್ಪ ಸರಿಸಿದರೆ ಮರಿಗಳು ಒಂದೊಂದಾಗಿ ಉದುರುತ್ತವೆ. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ದೊಡ್ಡ ಕಣ್ಣು, ಹೊಟ್ಟೆಯಡಿ ಮೊಟ್ಟೆಯ ಕಿತ್ತಳೆ ಬಣ್ಣದ ಭಂಡಾರದ ಕೊನೆಯ ಚೂರು. ಇಪ್ಪತ್ತರಿಂದ ಮೂವತ್ತು ಬಂದರೆ ಒಳ್ಳೆಯ ಸೂಲು. ಜಿಲೇಬಿ ತಾಯಿ ಅಪಾಯ ಕಂಡರೆ ಮರಿಗಳನ್ನು ಮತ್ತೆ ಬಾಯಿಗೆ ಕರೆದುಕೊಳ್ಳುತ್ತದೆ. ಸೌಲೋಸಿ ಹಾಗಲ್ಲ, ಒಮ್ಮೆ ಬಿಟ್ಟರೆ ಋಣ ಹರಿಯಿತು. ಮರಿಗಳಿಗೆ ಪುಡಿ ಮಾಡಿದ ಸ್ಪಿರುಲಿನ, ಹೊಸದಾಗಿ ಒಡೆಸಿದ ಆರ್ಟೀಮಿಯಾ ಎಂಬ ಸಣ್ಣ ಉಪ್ಪುನೀರಿನ ಸಿಗಡಿಯ ಮರಿ, ದಿನಕ್ಕೆ ಮೂರು ಹೊತ್ತು. ತಾಯಿಗೆ ಒಂಟಿಯಾಗಿ ಹತ್ತು ದಿನದ ಬಾಣಂತನ, ಆಮೇಲೆ ವಾಪಸು.

ಮಳೆಗಾಲದಲ್ಲಿ ಕರೆಂಟಿನ ಕಥೆ ಕೊಡಗಿನವರಿಗೆ ಹೇಳಬೇಕಿಲ್ಲ. ಮರ ಬಿದ್ದು ಲೈನ್ ಹರಿದರೆ ಎರಡು ದಿನ, ಮೂರು ದಿನ. ಇನ್ವರ್ಟರ್‌ಗೆ ಹೀಟರ್ ಕೊಟ್ಟರೆ ಬ್ಯಾಟರಿ ಹೊತ್ತಿಗೆ ಮುಂಚೆ ಮಲಗುತ್ತದೆ. ಹಾಗಾಗಿ ಏರ್ ಪಂಪ್ ಮತ್ತು ಸ್ಪಂಜ್ ಫಿಲ್ಟರ್ ಮಾತ್ರ ಇನ್ವರ್ಟರ್ ಮೇಲೆ. ಟ್ಯಾಂಕಿನ ಮೂರು ಬದಿಗೆ ಥರ್ಮಾಕೋಲ್, ಮೇಲೆ ಕಂಬಳಿ. ಟ್ಯಾಂಕುಗಳಿರುವ ಕೋಣೆಯ ಗೋಡೆಯಾಚೆಯೇ ಬಚ್ಚಲಿನ ಹಂಡೆ ಒಲೆ, ಬೆಳಿಗ್ಗೆ ಸಂಜೆ ಉರಿ ಬಿದ್ದರೆ ಗೋಡೆ ಬೆಚ್ಚಗೆ. ನೀರು 21ಕ್ಕೆ ಇಳಿದರೂ ಮೀನು ಸಾಯುವುದಿಲ್ಲ, ಮೊಟ್ಟೆ ನಿಧಾನವಾಗುತ್ತದೆ ಅಷ್ಟೆ. ತಂಪು ನೀರಿನಲ್ಲಿ ಆಮ್ಲಜನಕ ಹೆಚ್ಚು ನಿಲ್ಲುತ್ತದೆ, ಆ ಲೆಕ್ಕದಲ್ಲಿ ಬೆಂಗಳೂರಿನ ಏಪ್ರಿಲ್ ಪವರ್ ಕಟ್ಟಿಗಿಂತ ನಮ್ಮ ಜುಲೈ ಮೇಲು. ಆದರೆ ಕರೆಂಟಿಲ್ಲದಾಗ ತಿಂಡಿ ಹಾಕಬಾರದು. ಪಿಎಚ್ ಎಂಟರ ನೀರಿನಲ್ಲಿ ಮೀನಿನ ಹೇಲು, ಕೊಳೆತ ತಿಂಡಿಯಿಂದ ಬರುವ ಅಮೋನಿಯಾ ಹುಳಿ ನೀರಿಗಿಂತ ಬಹಳ ಹೆಚ್ಚು ವಿಷ. ಹೀಟರ್ ಕೂಡ 300 ವಾಟಿನ ಒಂದರ ಬದಲು 150ರ ಎರಡು ಇಟ್ಟಿದ್ದೇನೆ, ಒಂದು ಕೈಕೊಟ್ಟರೂ ಇನ್ನೊಂದಿದೆ.

ಇನ್ನು ತಳಿಯ ವಿಷಯ. ಈ ಸರೋವರಗಳ ಮೀನುಗಳು ತೀರಾ ಈಚಿನ ಕವಲುಗಳು. ಜಾತಿ ಬೇರೆಯಾದರೂ ಕೂಡಿದರೆ ಮರಿ ಆಗುತ್ತದೆ, ಆ ಮರಿಗೂ ಮರಿ ಆಗುತ್ತದೆ. ಹೆಣ್ಣು ಗಂಡನ್ನು ಆರಿಸುವುದು ಬಣ್ಣ ನೋಡಿ. ವಿಕ್ಟೋರಿಯಾದಲ್ಲಿ ನೀರು ಕದಡಿ ಬಣ್ಣ ಕಾಣದಾದಾಗ ಜಾತಿಗಳೇ ಕಲಸಿಹೋಗುತ್ತಿವೆ ಎಂದು ಜೀವವಿಜ್ಞಾನಿ ಓಲೆ ಸೇಹೌಸನ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಸರೋವರದಲ್ಲೇ ಹೀಗಾದರೆ, ತನ್ನ ಜಾತಿಯ ಗಂಡೇ ಇಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಕೇಳಬೇಕೆ! ಅಂಗಡಿಯ 'ಮಿಕ್ಸ್ ಆಫ್ರಿಕನ್' ಟ್ಯಾಂಕಿನಲ್ಲಿ ಹುಟ್ಟಿದ ಮರಿ ಚೆಂದವಿರಬಹುದು, ಆದರೆ ಅದು ಯಾವುದೂ ಅಲ್ಲ. ಅದಕ್ಕೇ ನನ್ನಲ್ಲಿ ಒಂದು ಟ್ಯಾಂಕಿಗೆ ಒಂದೇ ಜಾತಿ. ಬಲೆ, ಪೈಪಿನಲ್ಲಿ ಮರಿ ಅಂಟಿಕೊಂಡು ದಾಟುವುದುಂಟು, ಹಾಗಾಗಿ ಅವೂ ಬೇರೆ ಬೇರೆ. ಪುಸ್ತಕದಲ್ಲಿ ತಾಯಿ, ಸೂಲು, ಎಲ್ಲಿಂದ ಬಂದ ಸಾಲು ಎಂದು ಬರೆದಿಡುತ್ತೇನೆ. ಒಂದೇ ಮನೆಯೊಳಗೆ ಸುತ್ತಿ ಸುತ್ತಿ ರಕ್ತ ಬಡವಾಗದಿರಲೆಂದು ಮೈಸೂರಿನ ಗೆಳೆಯರೊಬ್ಬರ ಜೊತೆ ಗಂಡು ಅದಲುಬದಲು ನಡೆಯುತ್ತದೆ.

ಹೆಚ್ಚಾದ ಮೀನನ್ನು ತೋಡಿಗೆ, ಕೆರೆಗೆ ಬಿಡುವುದಂತೂ ಕೂಡದು. ನಮ್ಮ ತೋಡಿನ ನೀರೆಲ್ಲ ಹಾರಂಗಿಗೆ, ಅಲ್ಲಿಂದ ಕಾವೇರಿಗೆ. ನೈಲ್ ಪರ್ಚ್ ಬಿಟ್ಟವರೂ ಒಳ್ಳೆಯದಕ್ಕೇ ಬಿಟ್ಟಿದ್ದು. ಟ್ಯಾಂಕಿನ ಹಳೇ ನೀರೂ ನಮ್ಮಲ್ಲಿ ಹೋಗುವುದು ಬಾಳೆ ಬುಡಕ್ಕೆ.

ಮರಿ ಕೊಡುವಾಗ ಜೋಡಿ ಕೊಡುವುದಿಲ್ಲ. ಸೌಲೋಸಿ ಮರಿಗಳೆಲ್ಲ ಹಳದಿಯೇ, ಗಂಡು ನೀಲಿಯಾಗುವುದು ಬಲಿತ ಮೇಲೆ. ಹತ್ತು ಮರಿ ಒಟ್ಟಿಗೆ ಒಯ್ದು ಬೇರೇನೂ ಸೇರಿಸದೆ ಸಾಕುತ್ತೇನೆಂದವರಿಗೆ ಮಾತ್ರ, ಚೀಲದ ಮೇಲೆ ಪೂರ್ತಿ ಹೆಸರು ಬರೆದು ಕೊಡುತ್ತೇನೆ. ಗೋಣಿಕೊಪ್ಪದ ಹುಡುಗನೊಬ್ಬ "ಅಣ್ಣ, ಬ್ಲೂ ಒಂದು ಯೆಲ್ಲೋ ಒಂದು ಕೊಡಿ, ಸಾಕಾಗ್ತದೆ" ಎಂದು ಬಂದವನು ಕೊನೆಗೆ ಹತ್ತು ಮರಿ ಒಯ್ದ. ಕಾಫಿ ಹೂವರಳಿಸುವ ಹೂಮಳೆ ಕಳೆದ ಮೇಲೆ ಫೋನು ಬಂತು.

"ಅಣ್ಣ, ಎರಡು ಮೀನು ಕಪ್ಪಗಾಗ್ತಾ ಉಂಟು. ಕಾಯಿಲೆಯಾ? ಉಪ್ಪು ಹಾಕಲಾ?"

"ಕಾಯಿಲೆ ಅಲ್ಲ ಮಾರಾಯ, ಗಂಡಾಗ್ತಾ ಇವೆ. ಉಪ್ಪು ಗಿಪ್ಪು ಬೇಡ. ಇನ್ನೊಂದಷ್ಟು ಹೆಂಚು ಹಾಕು."