ಟಿವಿ ಚಾನೆಲ್ ಮೇಲಿನ ನನ್ನ ದೂರು ಕೊನೆಗೂ ಗೆದ್ದಿತು

“ಎನ್‌ಬಿಡಿಎಸ್‌ಎಗೆ ಬರೆದು ಏನು ಸಿಗುತ್ತೆ ಮಾರಾಯ, ಸುಮ್ನೆ ಕಾಗದ ದಂಡ” ಎಂದು ವಕೀಲ ಗೆಳೆಯರೇ ನಕ್ಕಿದ್ದರು. ಎನ್‌ಬಿಡಿಎಸ್‌ಎ ಅಂದರೆ ಟಿವಿ ಸುದ್ದಿ ಚಾನೆಲ್‌ಗಳ ಸಂಘ ತಾನೇ ಕಟ್ಟಿಕೊಂಡ ದೂರು ಮಂಡಳಿ. ಕಳೆದ ವರ್ಷ ನಾನು ದೂರಿದ ವಿಡಿಯೋ ಯೂಟ್ಯೂಬ್‌ನಿಂದ ಇಳಿಯಿತು, ಚಾನೆಲ್‌ಗೆ ಎಚ್ಚರಿಕೆಯೂ ಬಂತು. ಈಗ ಆ ಗೆಳೆಯರೇ ನನ್ನ ದೂರಿನ ಪ್ರತಿ ಕೇಳುತ್ತಿದ್ದಾರೆ.

ನನಗೆ ಧೈರ್ಯ ಬಂದದ್ದು ಇದೇ ಮಂಡಳಿಯ 2021ರ ಜೂನ್ ಆದೇಶದಿಂದ. ಕೊರೊನಾ ಹೊತ್ತಿನಲ್ಲಿ ತಬ್ಲೀಗಿ ಜಮಾತ್ ಬಗ್ಗೆ ಮಾಡಿದ ಪ್ರಸಾರಕ್ಕೆ ಎರಡು ಕನ್ನಡ ಚಾನೆಲ್‌ಗಳಿಗೆ ದಂಡ ಬಿತ್ತಲ್ಲ, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ, ಅದೇ. ಆದರೆ ನನ್ನ ಮೊದಲ ನಾಲ್ಕೈದು ದೂರುಗಳು ಬಿದ್ದೇಹೋದವು. ಒಂದು ಚಾನೆಲ್ ಆ ಸಂಘದ ಸದಸ್ಯವೇ ಅಲ್ಲ. ಇನ್ನೊಂದರ ವಿಷಯ ಆಗಲೇ ಕೋರ್ಟಿನಲ್ಲಿತ್ತು. ಉಳಿದವರದು ಒಂದೇ ಉತ್ತರ: “ಅದು ಅತಿಥಿಯ ಅಭಿಪ್ರಾಯ, ನಮ್ಮದಲ್ಲ.”

ಸರಿ, ಅತಿಥಿಯನ್ನೇ ಬಿಟ್ಟುಬಿಟ್ಟೆ. ಆ್ಯಂಕರ್ ಕೇಳಿದ ಪ್ರಶ್ನೆ, ಕೆಳಗೆ ಓಡುವ ಪಟ್ಟಿ, ಯೂಟ್ಯೂಬ್ ಥಂಬ್‌ನೇಲ್, ಇಷ್ಟನ್ನೇ ಹಿಡಿದೆ. ಇವು ಚಾನೆಲ್‌ನವರದೇ ಮಾತು, ತಪ್ಪಿಸಿಕೊಳ್ಳೋಕೆ ಆಗಲ್ಲ. 2022ರಲ್ಲಿ ಒಂದು ಹಿಂದಿ ಚಾನೆಲ್‌ಗೆ 50 ಸಾವಿರ ದಂಡ ಬಿದ್ದದ್ದೂ ಹೀಗೇ. ಹಿಜಾಬ್ ಪರ ಮಾತಾಡಿದವರನ್ನು ಅದರ ಆ್ಯಂಕರ್ ಅಲ್-ಖೈದಾದ ಜವಾಹಿರಿಗೆ ತಳುಕು ಹಾಕಿದ್ದರು.

ನಾನು ಆರಿಸಿಕೊಂಡದ್ದು ಮುಸ್ಲಿಂ ಬೀದಿ ವ್ಯಾಪಾರಿಗಳ ಮೇಲಿನ ಕಾರ್ಯಕ್ರಮ. ಕಾರಣ ಇದೆ. 2022ರ ಮಾರ್ಚ್‌ನಲ್ಲಿ ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಸಿಗಲಿಲ್ಲ. ದೇವಸ್ಥಾನದ ಹತ್ತಿರದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡುವಂತಿಲ್ಲ ಎಂಬ ಮುಜರಾಯಿಯ 2002ರ ನಿಯಮವನ್ನು ಸರ್ಕಾರ ಸದನದಲ್ಲಿ ತೋರಿಸಿ ಕೈ ತೊಳೆದುಕೊಂಡಿತು. ಟಿವಿಯಲ್ಲಿ ದಿನಾ “ಜಿಹಾದ್” ಎಂದು ಕೂಗುತ್ತಿದ್ದರೆ ಇಂಥ ನಿಯಮ ಜಾರಿ ಮಾಡೋದು ಎಷ್ಟು ಸಲೀಸು, ಅಲ್ವಾ?

ಮುಕ್ಕಾಲು ಗಂಟೆಯ ಕಾರ್ಯಕ್ರಮದಲ್ಲಿ ನಾನು ದೂರಿಗೆ ಆರಿಸಿದ್ದು ಮೂರು ನಿಮಿಷವೂ ಇರಲಿಕ್ಕಿಲ್ಲ. ಪ್ರತಿ ಸಾಲಿಗೂ ನಿಮಿಷ, ಸೆಕೆಂಡು. ಎದುರಿಗೆ ಮುರಿದ ನಿಯಮ. “ದ್ವೇಷ” ಎಂಬ ಪದ ಎಲ್ಲೂ ಹಾಕಲಿಲ್ಲ. ಅದರ ಬದಲು, ಬೇರೆ ಸಮುದಾಯದ ವ್ಯಾಪಾರಿ ಕಲಬೆರಕೆ ಮಾಡಿ ಸಿಕ್ಕಿಬಿದ್ದಾಗ ಅದೇ ಚಾನೆಲ್ ಕೊಟ್ಟ ತಲೆಬರಹ ಪಕ್ಕದಲ್ಲಿಟ್ಟೆ. ಅಲ್ಲಿ ಧರ್ಮದ ಹೆಸರೇ ಇಲ್ಲ! ಸ್ವಲ್ಪ ಜಂಬ ಅನ್ನಿ, ಆ ಒಂದು ಪುಟಕ್ಕೆ ಚಾನೆಲ್ ಹತ್ತಿರ ಉತ್ತರ ಇರಲಿಲ್ಲ. ಹಳೆಯ ತಲೆಬರಹ ಅಷ್ಟು ಬೇಗ ಹುಡುಕಿದ್ದು ಹೇಗೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ಚಾನೆಲ್‌ನವರೂ ಓದುತ್ತಾರೆ.

ಪ್ರಸಾರವಾದ 7 ದಿನದೊಳಗೆ ಚಾನೆಲ್‌ಗೇ ಮೊದಲು ಬರೆಯಬೇಕು. ನಾನು ಮರುದಿನವೇ ಕಳಿಸುತ್ತೇನೆ, ಕಳಿಸುವ ಮೊದಲು ವಿಡಿಯೋ ಇಳಿಸಿಟ್ಟುಕೊಳ್ಳುತ್ತೇನೆ. ದೂರು ಮುಟ್ಟಿದ ಕೂಡಲೇ ಲಿಂಕ್ ಮಾಯವಾಗೋದು ಮಾಮೂಲು.

ಖರ್ಚಿನ ಮಾತು. ಜಾಸ್ತಿ ಹೋದದ್ದು ಅನುವಾದಕ್ಕೆ, ಆರೇಳು ಸಾವಿರ. ಹಾರ್ಡ್ ಡಿಸ್ಕ್‌ಗೆ ನಾಲ್ಕು ಸಾವಿರದ ಹತ್ತಿರ. ವಿಚಾರಣೆ ಆನ್‌ಲೈನ್ ಆದ್ದರಿಂದ ದಿಲ್ಲಿ ಟಿಕೆಟ್ ಉಳಿಯಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಆ ಕಾರ್ಯಕ್ರಮದ ನಡುವೆ ಜಾಹೀರಾತು ಕೊಟ್ಟಿದ್ದ ಹತ್ತಾರು ಕಂಪನಿಗಳಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಇಬ್ಬರು ಉತ್ತರಿಸಿದರು. ಒಬ್ಬರು “ಅದನ್ನೆಲ್ಲ ಏಜೆನ್ಸಿ ನೋಡಿಕೊಳ್ಳುತ್ತೆ” ಎಂದರು. ಇನ್ನೊಬ್ಬರ ಜಾಹೀರಾತು ಮುಂದಿನ ವಾರ ಕಾಣಲಿಲ್ಲ. ನನ್ನ ಪತ್ರದಿಂದಲೋ, ಅವರ ಬಜೆಟ್ ಮುಗಿದೋ, ಯಾರಿಗೆ ಗೊತ್ತು. ಪತ್ರಿಕೆಯೊಂದರ ಮೇಲೆ ಪ್ರೆಸ್ ಕೌನ್ಸಿಲ್‌ಗೂ ಬರೆದೆ. ಅದು ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ. ಅಲ್ಲಿ ತಾಳ್ಮೆ ಬೇಕು, ನನಗೆ ಅದು ಕಡಿಮೆ.

ಸದಸ್ಯವಲ್ಲದ ಆ ಚಾನೆಲ್ ಅನ್ನು ಈಗ 2021ರ ಕೇಬಲ್ ಟಿವಿ ನಿಯಮಗಳಡಿ ಹಿಡಿದಿದ್ದೇನೆ. ಚಾನೆಲ್ 24 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಎರಡೂ ಆಗಿಲ್ಲ. ಮೇಲಿನವರಿಗೆ ಬರೆಯುವ ಪತ್ರ ತಯಾರಿದೆ, ಸೋಮವಾರ ಹೋಗುತ್ತೆ.