ಎಲ್‌ಸಿಎಸ್‌ಡಬ್ಲ್ಯುಗೆ 3,000 ಗಂಟೆ: ಮೊದಲು ವಾರದ ಲೆಕ್ಕ ಹಾಕಿ

ಎಂಎಸ್‌ಡಬ್ಲ್ಯು, ಅಂದರೆ ಸೋಷಿಯಲ್ ವರ್ಕ್ ಮಾಸ್ಟರ್ಸ್ ಮುಗಿದ ಮೇಲೆ ಎಲ್ಲರ ಕಣ್ಣು ಇರುವುದು 3,000 ಗಂಟೆಯ ಮೇಲೆ. ಸೂಪರ್‌ವೈಸರ್ ಕೈಕೆಳಗೆ ಅಷ್ಟು ಗಂಟೆ ಕೆಲಸ ಮಾಡಿದರೆ ಎಲ್‌ಸಿಎಸ್‌ಡಬ್ಲ್ಯು (ಲೈಸೆನ್ಸ್ಡ್ ಕ್ಲಿನಿಕಲ್ ಸೋಷಿಯಲ್ ವರ್ಕರ್) ಅನ್ನುವ ಅಮೆರಿಕದ ಕ್ಲಿನಿಕಲ್ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು ಅನ್ನುವುದು ಗೊತ್ತಿರುತ್ತದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಆ ಒಂದು ಸಂಖ್ಯೆ ನಂಬಿಕೊಂಡು ಹೊರಟರೆ ಕೊನೆಗೆ ವಾರಗಳು ಸಾಲದೆ ಹೋಗುತ್ತವೆ, ಇಲ್ಲವಾದರೆ ಮಾಡಿದ ಕೆಲಸ ಬೇಕಾದ ಕಾಲಂಗೆ ಸೇರದೆ ಹೊರಗೆ ಉಳಿಯುತ್ತದೆ.

ಅಮೆರಿಕದಲ್ಲಿ ಇದಕ್ಕೆ ಒಂದೇ ನಿಯಮ ಇಲ್ಲ, ರಾಜ್ಯಕ್ಕೊಂದು ಬೋರ್ಡ್, ಬೋರ್ಡ್‌ಗೊಂದು ಲೆಕ್ಕ. ಟೆಕ್ಸಾಸ್‌ನಲ್ಲಿ 3,000 ಗಂಟೆ ಕೆಲಸ, 100 ಗಂಟೆ ಸೂಪರ್‌ವಿಷನ್, ಕನಿಷ್ಠ 24 ತಿಂಗಳು. ಸೂಪರ್‌ವೈಸರ್ ಕೂಡ ಎಲ್‌ಸಿಎಸ್‌ಡಬ್ಲ್ಯು-ಎಸ್ ಅನ್ನುವ ದರ್ಜೆಯವರೇ ಆಗಿರಬೇಕು. ನ್ಯೂಯಾರ್ಕ್ ಕೇಳುವುದು 2,000 ಗಂಟೆ ಮಾತ್ರ. ಸುಲಭ ಅಲ್ವಾ ಅನ್ನಿಸುತ್ತದೆ, ಆದರೆ ಅಷ್ಟೂ ಕ್ಲೈಂಟ್ ಎದುರು ಕೂತ ಗಂಟೆಗಳು, ಅದೂ ಕನಿಷ್ಠ 36 ತಿಂಗಳ ಅವಧಿಯಲ್ಲಿ. ಹಾಗಾಗಿ ಯಾವ ರಾಜ್ಯದಲ್ಲಿ ನೆಲೆ ನಿಲ್ಲುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿ. ಬೇರೆ ರಾಜ್ಯದಲ್ಲಿರುವ ಗೆಳತಿಯ ಎಕ್ಸೆಲ್ ಶೀಟನ್ನು ಹಾಗೇ ಕಾಪಿ ಮಾಡಬೇಡಿ. ಇಲ್ಲಿಂದ ಮುಂದೆ ಹೇಳುವುದೆಲ್ಲ ಕ್ಯಾಲಿಫೋರ್ನಿಯಾದ್ದು, ಅಂದರೆ ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್ ಅನ್ನುವ ಬಿಬಿಎಸ್‌ನ ನಿಯಮ.

3,000 ಗಂಟೆಯ ಜೊತೆಗೆ ಕನಿಷ್ಠ 104 ವಾರ ಸೂಪರ್‌ವಿಷನ್ ಆಗಿರಬೇಕು. ವಾರಕ್ಕೆ 40 ಗಂಟೆಗಿಂತ ಜಾಸ್ತಿ ಲೆಕ್ಕಕ್ಕೆ ಬರುವುದಿಲ್ಲ. ಭಾಗಿಸಿ ನೋಡಿ: 40 ಗಂಟೆಯ ಹಾಗೆ ದುಡಿದರೆ 75 ವಾರಕ್ಕೇ 3,000 ಮುಗಿಯುತ್ತದೆ, ಆದರೂ 104 ವಾರ ಆಗುವ ತನಕ ಕಾಯಲೇಬೇಕು. ಅದೇ ವಾರಕ್ಕೆ 29 ಗಂಟೆ ಸಿಕ್ಕಿದರೂ 104 ವಾರದಲ್ಲಿ ಗುರಿ ಮುಟ್ಟುತ್ತೀರಿ. ಹಾಗಿರುವಾಗ ಶುರುವಿನಲ್ಲೇ ಎರಡು ಕೆಲಸ ಹಿಡಿದು ಸುಸ್ತಾಗುವುದು ಯಾಕೆ? ಒಂದು ವಾರವೂ ಖಾಲಿ ಹೋಗದ ಹಾಗೆ ನೋಡಿಕೊಂಡರೆ ಅದೇ ದೊಡ್ಡ ಲಾಭ.

ಖಾಲಿ ಹೋಗುವುದು ಅಂದರೆ ಏನು? ವಾರಕ್ಕೆ ಒಂದು ಗಂಟೆ ಸೂಪರ್‌ವೈಸರ್ ಜೊತೆ ಒಬ್ಬರೇ ಕೂರಬೇಕು, ಇಲ್ಲವೇ ಇಬ್ಬರು ಅಸೋಸಿಯೇಟ್‌ಗಳು (ಲೈಸೆನ್ಸ್‌ಗಾಗಿ ಗಂಟೆ ಕೂಡಿಸುತ್ತಿರುವವರು) ಒಟ್ಟಿಗೆ ಕೂರಬಹುದು. ಗುಂಪಿನಲ್ಲಾದರೆ ಎರಡು ಗಂಟೆ, ಗುಂಪಿನಲ್ಲಿ ಎಂಟು ಜನ ಮೀರುವಂತಿಲ್ಲ. ಇದು ಆಗದ ವಾರದಲ್ಲಿ ನೀವು ಎಷ್ಟೇ ಕ್ಲೈಂಟ್‌ಗಳನ್ನು ನೋಡಿರಿ, ಆ ವಾರದ ಗಂಟೆಗಳು ಸೊನ್ನೆ. ಎರಡು ಕಡೆ ಕೆಲಸ ಮಾಡುತ್ತಿದ್ದರೆ ಎರಡೂ ಕಡೆ ಬೇರೆ ಬೇರೆಯಾಗಿ ಸೂಪರ್‌ವಿಷನ್ ಬೇಕು. ವಾರದಲ್ಲಿ 10 ಗಂಟೆಗಿಂತ ಹೆಚ್ಚು ಸೈಕೋಥೆರಪಿ ಮಾಡಿದರೆ ಇನ್ನೂ ಒಂದು ಸುತ್ತು ಸೂಪರ್‌ವಿಷನ್ ಸೇರಿಸಬೇಕು. ಎಡವುವುದು ಜಾಸ್ತಿ ಇಲ್ಲೇ, ಯಾಕೆಂದರೆ ಮೊದಲಿಗೆ ಆರೇಳು ಕ್ಲೈಂಟ್ ಇರುತ್ತಾರೆ, ಆಮೇಲೆ ಕೇಸ್‌ಲೋಡ್ ಏರುತ್ತಾ ಹೋಗುತ್ತದೆ, ಸೂಪರ್‌ವಿಷನ್ ಮಾತ್ರ ಮೊದಲಿನ ಒಂದೇ ಗಂಟೆಯಲ್ಲಿ ನಿಂತಿರುತ್ತದೆ.

ಇನ್ನು ಗಂಟೆಗಳ ಒಳಲೆಕ್ಕ. 3,000ದಲ್ಲಿ ಕನಿಷ್ಠ 2,000 ಕ್ಲಿನಿಕಲ್ ಆಗಿರಬೇಕು, ಅಂದರೆ ಅಸೆಸ್‌ಮೆಂಟ್, ಡಯಾಗ್ನೋಸಿಸ್, ಚಿಕಿತ್ಸೆ. ಆ 2,000ದ ಒಳಗೆ 750 ಗಂಟೆ ನೇರ ಸೈಕೋಥೆರಪಿ ಇರಬೇಕು. ಉಳಿದ ಕೆಲಸಕ್ಕೆ 1,000 ಗಂಟೆಯೇ ಮೇಲ್ಮಿತಿ. ಕ್ಲೈಂಟ್ ಪರವಾಗಿ ಓಡಾಡಿದ್ದು, ಕನ್ಸಲ್ಟೇಶನ್, ರಿಸರ್ಚ್, ತರಬೇತಿ, ಸೂಪರ್‌ವಿಷನ್‌ಗೆ ಕೂತ ಸಮಯ ಎಲ್ಲ ಅದರೊಳಗೇ ಬರಬೇಕು. ಆಸ್ಪತ್ರೆಯಲ್ಲಿ ಡಿಸ್‌ಚಾರ್ಜ್ ಪ್ಲಾನಿಂಗ್ ಮಾಡುವವರು, ಕೇಸ್ ಮ್ಯಾನೇಜ್‌ಮೆಂಟ್‌ನಲ್ಲಿ ಇರುವವರು ಈ 750ರ ಮೇಲೆ ಮೊದಲ ತಿಂಗಳಿಂದಲೇ ಕಣ್ಣಿಡಿ. ದಿನವಿಡೀ ಕ್ಲೈಂಟ್‌ಗಳ ಜೊತೆಯೇ ಇರುತ್ತೀರಿ, ನಿಜ, ಆದರೆ ಬೆಡ್ ಹುಡುಕಿಕೊಟ್ಟಿದ್ದು ಥೆರಪಿ ಆಗುವುದಿಲ್ಲ. ಹುದ್ದೆಯ ಹೆಸರಿನಲ್ಲಿ ಕ್ಲಿನಿಷಿಯನ್ ಅಂತ ಇದ್ದ ಮಾತ್ರಕ್ಕೆ ಗಂಟೆ ಕ್ಲಿನಿಕಲ್ ಆಗಿಬಿಡುವುದಿಲ್ಲ.

ಹಾಗಾಗಿ ಇಂಟರ್‌ವ್ಯೂನಲ್ಲಿ ಸಂಬಳ ಕೇಳುವಷ್ಟೇ ಧೈರ್ಯವಾಗಿ ಇವನ್ನೂ ಕೇಳಿ. ಸೂಪರ್‌ವೈಸರ್ ಯಾರು? ಎಲ್‌ಸಿಎಸ್‌ಡಬ್ಲ್ಯು ಆಗಿದ್ದಾರಾ? ಲೈಸೆನ್ಸ್ ಸಿಕ್ಕಿ ಕನಿಷ್ಠ ಎರಡು ವರ್ಷ ಆಗಿದೆಯಾ? ಬರೀ ಗುಂಪಿನ ಸೂಪರ್‌ವಿಷನ್ ಕೊಡುತ್ತಾರಾ ಅಥವಾ ಒಬ್ಬೊಬ್ಬರ ಜೊತೆಗೂ ಕೂರುತ್ತಾರಾ? ಕೊನೆಯ ಪ್ರಶ್ನೆ ಸುಮ್ನೆ ಅಲ್ಲ. 104 ವಾರಗಳಲ್ಲಿ 52 ವಾರ ಒಬ್ಬರೇ ಅಥವಾ ಇಬ್ಬರು ಕೂತ ಸೂಪರ್‌ವಿಷನ್ ಆಗಿರಲೇಬೇಕು, ಅದರಲ್ಲಿ 13 ವಾರ ಎಲ್‌ಸಿಎಸ್‌ಡಬ್ಲ್ಯು ಕೈಕೆಳಗೆ. ಗಂಟೆಗಳ ವಿಷಯಕ್ಕೆ ಬಂದರೆ ಕನಿಷ್ಠ 1,700 ಎಲ್‌ಸಿಎಸ್‌ಡಬ್ಲ್ಯು ಕೈಕೆಳಗೆ ಇರಬೇಕು, ಉಳಿದದ್ದಕ್ಕೆ ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್, ಎಲ್‌ಎಂಎಫ್‌ಟಿ (ಲೈಸೆನ್ಸ್ ಇರುವ ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿಸ್ಟ್) ಇಂಥವರೂ ಆಗಬಹುದು. ಸೂಪರ್‌ವೈಸರ್ ರಜೆ ಹೋದರೆ ಆ ವಾರ ಯಾರು ನೋಡುತ್ತಾರೆ ಅಂತಲೂ ಕೇಳಿ. "ನೋಡೋಣ, ಏನಾದರೂ ಮಾಡೋಣ" ಅಂದರೆ ಸ್ವಲ್ಪ ಹುಷಾರಾಗಿರಿ.

ಇನ್ನೊಂದು ಪ್ರಶ್ನೆ: ಡಬ್ಲ್ಯು-2 (ನೌಕರರಿಗೆ ಕೊಡುವ ತೆರಿಗೆ ಫಾರಂ) ಕೊಡುತ್ತೀರಾ, 1099 (ಕಾಂಟ್ರಾಕ್ಟರ್‌ಗೆ ಕೊಡುವುದು) ಕೊಡುತ್ತೀರಾ? ಅಸೋಸಿಯೇಟ್ ಆದವರು ನೌಕರರಾಗಿ ಅಥವಾ ವಾಲಂಟಿಯರ್ ಆಗಿ ಮಾತ್ರ ಕೆಲಸ ಮಾಡಬಹುದು, ಇಂಡಿಪೆಂಡೆಂಟ್ ಕಾಂಟ್ರಾಕ್ಟರ್ ಆಗುವಂತಿಲ್ಲ. 1099 ಅಂದರೆ ಅಲ್ಲಿಂದ ಎದ್ದು ಬನ್ನಿ.

ಗಂಟೆ ಯಾವಾಗಿನಿಂದ ಎಣಿಸಬೇಕು? ಓದುವಾಗ ಮಾಡಿದ ಫೀಲ್ಡ್‌ವರ್ಕ್ ಇಲ್ಲಿ ಸೇರುವುದಿಲ್ಲ. ಅಸೋಸಿಯೇಟ್ ಕ್ಲಿನಿಕಲ್ ಸೋಷಿಯಲ್ ವರ್ಕರ್ ಅಂತ ನೋಂದಣಿ ಆದ ಮೇಲಿನದು ಸೇರುತ್ತದೆ. ಆದರೆ ಡಿಗ್ರಿ ಕೈಗೆ ಬಂದ 90 ದಿನದೊಳಗೆ ಬಿಬಿಎಸ್‌ಗೆ ಅರ್ಜಿ ತಲುಪಿಸಿದರೆ ಡಿಗ್ರಿಯ ದಿನದಿಂದಲೇ ಎಣಿಸಬಹುದು. ಷರತ್ತು ಏನೆಂದರೆ ಕೆಲಸ ಶುರು ಮಾಡುವ ಮೊದಲೇ ಆ ಸಂಸ್ಥೆ ನಿಮ್ಮಿಂದ ಲೈವ್ ಸ್ಕ್ಯಾನ್ ಬೆರಳಚ್ಚು ಮಾಡಿಸಿರಬೇಕು. ಆ ಫಾರಂನ ಕಾಪಿ ಜೋಪಾನ. ನೋಂದಣಿ ನಂಬರ್ ಬರುವ ತನಕ ಪ್ರೈವೇಟ್ ಪ್ರಾಕ್ಟೀಸ್‌ನಲ್ಲಿ ಕೆಲಸ ಮಾಡುವಂತಿಲ್ಲ.

ಭಾರತದಿಂದ ಬಂದವರಿಗೆ ಎರಡು ಮಾತು. ಅಲ್ಲಿ ಮಾಡಿದ ಎಂಎಸ್‌ಡಬ್ಲ್ಯು ಇದ್ದರೆ, ಅದು ಇಲ್ಲಿನ ಡಿಗ್ರಿಗೆ ಸಮ ಅಂತ ಕೌನ್ಸಿಲ್ ಆನ್ ಸೋಷಿಯಲ್ ವರ್ಕ್ ಎಜುಕೇಶನ್‌ನಿಂದ ಮೌಲ್ಯಮಾಪನ ಮಾಡಿಸಬೇಕು. ಇದನ್ನು ಎಲ್ಲಕ್ಕಿಂತ ಮೊದಲು ಮುಗಿಸಿ. ಇಲ್ಲೇ ಓದಿ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಇದ್ದೀರಾದರೆ ಲೆಕ್ಕ ಕಷ್ಟ, ಸಿಹಿ ಲೇಪಿಸಿ ಹೇಳುವುದಿಲ್ಲ: ಸೋಷಿಯಲ್ ವರ್ಕ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ ವಿಷಯಗಳ) ಪಟ್ಟಿಯಲ್ಲಿ ಇಲ್ಲ, ಒಪಿಟಿ ಅನ್ನುವ ಓದಿನ ನಂತರದ ಕೆಲಸದ ಅನುಮತಿ 12 ತಿಂಗಳು ಮಾತ್ರ, ನಿಮಗೆ ಬೇಕಿರುವುದು 104 ವಾರ. ಎಚ್-1ಬಿ ಉದ್ಯೋಗ ವೀಸಾ ಕೊಡಿಸುವ ಜಾಗವನ್ನು ಮೊದಲ ದಿನದಿಂದಲೇ ಹುಡುಕಬೇಕಾಗುತ್ತದೆ. ವಿಶ್ವವಿದ್ಯಾಲಯಗಳಿಗೆ ಮತ್ತು ಅವುಗಳ ಜೊತೆ ಸೇರಿದ ಲಾಭರಹಿತ ಆಸ್ಪತ್ರೆಗಳಿಗೆ ಈ ವೀಸಾದ ವಾರ್ಷಿಕ ಲಾಟರಿಯ ಮಿತಿ ಇಲ್ಲ, ಅಂಥವನ್ನು ಪಟ್ಟಿಯ ಮೇಲ್ಗಡೆ ಇಡಿ.

ಕಾಗದದ ಕೆಲಸ ಬೋರು, ಆದರೆ ಬೋರ್ಡ್‌ಗೆ ಗೊತ್ತಿರುವುದು ಕಾಗದ ಮಾತ್ರ. ಸೂಪರ್‌ವಿಷನ್ ಶುರುವಾದ 60 ದಿನದೊಳಗೆ ಸೂಪರ್‌ವಿಷನ್ ಅಗ್ರಿಮೆಂಟ್‌ಗೆ ಸಹಿ ಆಗಿರಬೇಕು. ವೀಕ್ಲಿ ಲಾಗ್‌ಗೆ ಪ್ರತಿ ವಾರ ಅಲ್ಲೇ ಕೂತು ಸಹಿ ಹಾಕಿಸಿ, ಆರು ತಿಂಗಳದ್ದು ಒಟ್ಟಿಗೆ ತೆಗೆದುಕೊಂಡು ಹೋಗಬೇಡಿ. ಸೂಪರ್‌ವೈಸರ್ ಕೆಲಸ ಬಿಡುತ್ತಾರೆ ಅಂತ ಗೊತ್ತಾದ ದಿನವೇ ಅಲ್ಲಿಯವರೆಗಿನ ಎಕ್ಸ್‌ಪೀರಿಯೆನ್ಸ್ ವೆರಿಫಿಕೇಶನ್ ಫಾರಂ ತುಂಬಿಸಿ ಸಹಿ ಪಡೆದುಕೊಳ್ಳಿ. ಊರು ಬಿಟ್ಟು ಹೋದವರನ್ನು ಮೂರು ವರ್ಷದ ಮೇಲೆ ಹುಡುಕುವುದು ಯಾರಿಗೂ ಬೇಡ.

ಮನೆ, ಮಗು, ಊರು ಬದಲು ಅಂತ ಮಧ್ಯೆ ನಿಲ್ಲಿಸಿದವರು ಒಂದು ವಿಷಯ ನೆನಪಿಡಿ: ಲೈಸೆನ್ಸ್ ಅರ್ಜಿ ಬೋರ್ಡ್‌ಗೆ ತಲುಪಿದ ದಿನದಿಂದ ಹಿಂದಿನ ಆರು ವರ್ಷದ ಗಂಟೆಗಳಷ್ಟೇ ಚಾಲ್ತಿ. ನೋಂದಣಿಯನ್ನೂ ಐದು ಸಲ ಮಾತ್ರ ರಿನ್ಯೂ ಮಾಡಬಹುದು. ಕ್ಯಾಲಿಫೋರ್ನಿಯಾ ಲಾ ಅಂಡ್ ಎಥಿಕ್ಸ್ ಪರೀಕ್ಷೆಯನ್ನು ಮೊದಲ ವರ್ಷವೇ ಮುಗಿಸಿಬಿಡಿ, ಪಾಸಾಗುವ ತನಕ ಪ್ರತಿ ರಿನ್ಯೂವಲ್ ಅವಧಿಯಲ್ಲೂ ಬರೆಯಬೇಕಾಗುತ್ತದೆ. ಎಲ್ಲ ಗಂಟೆ, ಎಲ್ಲ ವಾರ ಕೂಡಿದ ಮೇಲೆ ವೆರಿಫಿಕೇಶನ್ ಫಾರಂಗಳು, ಸೂಪರ್‌ವಿಷನ್ ಅಗ್ರಿಮೆಂಟ್‌ಗಳು, ಡಬ್ಲ್ಯು-2 ಕಾಪಿಗಳನ್ನು ಸೇರಿಸಿ ಅರ್ಜಿ ಕಳಿಸಿ. ಬೋರ್ಡ್ ಒಪ್ಪಿದ ಮೇಲೆ ಎಎಸ್‌ಡಬ್ಲ್ಯುಬಿ (ಅಸೋಸಿಯೇಷನ್ ಆಫ್ ಸೋಷಿಯಲ್ ವರ್ಕ್ ಬೋರ್ಡ್ಸ್) ನಡೆಸುವ ಕ್ಲಿನಿಕಲ್ ಪರೀಕ್ಷೆ ಬರೆಯಬಹುದು. ವೀಕ್ಲಿ ಲಾಗ್‌ಗಳನ್ನು ಬೋರ್ಡ್ ಕೇಳಿದರೆ ಮಾತ್ರ ಕಳಿಸಿ, ಆದರೆ ಲೈಸೆನ್ಸ್ ನಂಬರ್ ಕೈಗೆ ಬರುವ ತನಕ ಒಂದು ಹಾಳೆಯನ್ನೂ ಎಸೆಯಬೇಡಿ.