ಅಕ್ಕಿ ಚೀಲದಿಂದ ಆರ್ಟ್ ಡೈರೆಕ್ಷನ್‌ಗೆ

ಗಂಗಾವತಿಯಲ್ಲಿ ಡಿಸೈನ್ ಕೆಲಸ ಅಂದರೆ ಅಕ್ಕಿ ಚೀಲ. ಮದುವೆ ಪತ್ರಿಕೆ, ಹುಟ್ಟುಹಬ್ಬದ ಫ್ಲೆಕ್ಸ್ ಇದ್ದೇ ಇರುತ್ತವೆ. ಆದರೆ ನಾಲ್ಕು ಕಾಸು ಕಾಣುವುದು ರೈಸ್ ಮಿಲ್ಲುಗಳಿಂದಲೇ. ನಾನು ಅಲ್ಲಿ ಡಿಟಿಪಿ ಅಂಗಡಿಯಲ್ಲಿ ಸೋನಾ ಮಸೂರಿ ಚೀಲ ಮಾಡುತ್ತಿದ್ದವನು. ಈಗ ಬೆಂಗಳೂರಿನ ಜಾಹೀರಾತು ಏಜೆನ್ಸಿಯಲ್ಲಿ ಆರ್ಟ್ ಡೈರೆಕ್ಟರ್, ಅಂದರೆ ಜಾಹೀರಾತು ಕಣ್ಣಿಗೆ ಹೇಗೆ ಕಾಣಬೇಕು ಅಂತ ತೀರ್ಮಾನಿಸುವವನು. ಈ ಕೆಲಸದ ಮುಕ್ಕಾಲು ಪಾಲು ಕಲಿತದ್ದು ಆ ಚೀಲಗಳ ಮೇಲೇ.

ಪ್ಲಾಸ್ಟಿಕ್ ಹೊದಿಕೆಯ ಚೀಲಕ್ಕೆ ಗ್ರೇವ್ಯೂರ್ ಪ್ರಿಂಟಿಂಗ್, ಅಂದರೆ ಕೆತ್ತಿದ ಸಿಲಿಂಡರ್‌ನಿಂದ ಅಚ್ಚು ಹಾಕುವುದು. ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು, ಅದಕ್ಕೆ ಬೇರೆ ದುಡ್ಡು. ಹಾಗಾಗಿ ಬಣ್ಣ ಸೇರಿಸುವ ಮುಂಚೆ ಅದು ಯಾಕೆ ಬೇಕು ಅಂತ ಬಾಯಿಬಿಟ್ಟು ಹೇಳಬೇಕಿತ್ತು. 2022ರ ಜುಲೈಯಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5ರಷ್ಟು ಜಿಎಸ್‌ಟಿ ಬಂತು. ನೋಡನೋಡುತ್ತಲೇ 26 ಕೆಜಿ ಚೀಲಗಳು ಹುಟ್ಟಿಕೊಂಡವು! ತೂಕದ ಅಂಕಿಯನ್ನು ಬರೀ ಕಪ್ಪಿನಲ್ಲಿ ಇಟ್ಟಿದ್ದ ಚೀಲಕ್ಕೆ ಒಂದೇ ಸಿಲಿಂಡರ್ ಬದಲಿಸಿದರೆ ಸಾಕಾಯಿತು. ನಾಲ್ಕು ಬಣ್ಣ ಬೆರೆಸಿ ಹೊಳಪಿಸಿದ್ದವರಿಗೆ ಜಾಸ್ತಿ ಖರ್ಚು.

ಮಾಲೀಕರಿಗೆ ದೇವರು, ಭತ್ತದ ತೆನೆ, ಅನ್ನದ ಬಟ್ಟಲು, ನಗುವ ಮಗು ಎಲ್ಲವೂ ಬೇಕು. ಅಂಗಡಿಯಲ್ಲಿ ಚೀಲ ಒಂದರ ಮೇಲೊಂದು ಮಲಗಿರುತ್ತವೆ, ಅಲ್ವಾ? ಗಿರಾಕಿಗೆ ಕಾಣುವುದು ಬದಿ ಮಾತ್ರ. ಅದಕ್ಕೆ ಅವರನ್ನು ಕಿರಾಣಿ ಅಂಗಡಿಗೇ ಕರೆದುಕೊಂಡು ಹೋಗಿ, ಚಿತ್ರ ಕಡಿಮೆ ಮಾಡೋಣ ಅಂತ ಮಾತಾಡುತ್ತಿದ್ದೆ. ಅರ್ಧ ಜನ ಒಪ್ಪುತ್ತಿದ್ದರು. ದೇವರನ್ನು ತೆಗೆಯಲು ಮಾತ್ರ ಯಾರೂ ಒಪ್ಪಲಿಲ್ಲ, ನಾನೂ ಹಟ ಮಾಡಲಿಲ್ಲ.

ಫೋಕ್ಸ್‌ವ್ಯಾಗನ್‌ನ 1959ರ ಆ ಹೆಸರಾಂತ ಜಾಹೀರಾತು ನೋಡಿದ್ದು ಆಮೇಲೆ. ಹೆಲ್ಮುಟ್ ಕ್ರೋನ್ ಅದರ ಆರ್ಟ್ ಡೈರೆಕ್ಟರ್. ಪುಟದ ತುಂಬ ಖಾಲಿ ಜಾಗ, ಮೂಲೆಯಲ್ಲಿ ಪುಟ್ಟ ಕಾರು. ಇಂಥದ್ದನ್ನು ಮಾಡುವುದಕ್ಕಿಂತ ಮಾಲೀಕರ ಹತ್ತಿರ ಪಾಸ್ ಮಾಡಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಿತ್ತು.

ನನ್ನ ಹತ್ತಿರ ಫೈನ್ ಆರ್ಟ್ಸ್ ಡಿಗ್ರಿ ಇರಲಿಲ್ಲ. ಏಜೆನ್ಸಿಗೆ ತೋರಿಸುವ ಪೋರ್ಟ್‌ಫೋಲಿಯೋದಲ್ಲಿ, ಅಂದರೆ ಮಾಡಿದ ಕೆಲಸಗಳ ಸಂಗ್ರಹದಲ್ಲಿ, ಚೀಲಗಳನ್ನೇ ಇಟ್ಟೆ, ಪಕ್ಕದಲ್ಲಿ ಕಾರಣ ಬರೆದೆ. ಜೊತೆಗೆ ಯಾರೂ ಕೇಳದ ಕೆಲವು ಜಾಹೀರಾತು. ಒಂದು ಕೊಪ್ಪಳದ ಪಕ್ಕದ ಕಿನ್ನಾಳದ ಗೊಂಬೆಗಳಿಗೆ. ಅವುಗಳ ಕೆಲಸಕ್ಕೆ ಹುಣಸೆ ಬೀಜದ ಅಂಟು ಬಳಸುತ್ತಾರೆ. ಚಿತ್ರದಲ್ಲಿ ಗೊಂಬೆಯೇ ಇಲ್ಲ, ಒಂದು ಹಿಡಿ ಹುಣಸೆ ಬೀಜ. ಕೆಳಗೆ ಸಾಲು: "ಇದರೊಳಗೊಬ್ಬ ಗರುಡ ಕೂತಿದ್ದಾನೆ." ಇಂಟರ್‌ವ್ಯೂನಲ್ಲಿ ಸಾಫ್ಟ್‌ವೇರ್ ಬಗ್ಗೆ ಯಾರೂ ಹೆಚ್ಚು ಕೇಳಲಿಲ್ಲ. ಗೊಂಬೆ ಯಾಕೆ ತೋರಿಸಲಿಲ್ಲ ಅಂತ ಕೇಳಿದರು. ಅದಕ್ಕೆ ಉತ್ತರ ನನ್ನ ಹತ್ತಿರ ಬೇಕಾದಷ್ಟಿತ್ತು.

ಏಜೆನ್ಸಿಯಲ್ಲಿ ಕಾಪಿರೈಟರ್ (ಜಾಹೀರಾತಿನ ಮಾತು ಬರೆಯುವವರು), ಆರ್ಟ್ ಡೈರೆಕ್ಟರ್ ಜೋಡಿಯಾಗಿ ಕೂರುತ್ತಾರೆ. ಐಡಿಯಾ ಇಬ್ಬರದೂ. ಸುಮ್ನೆ ಚಂದ ಮಾಡಿಕೊಡುವವನು ಜೂನಿಯರ್ ಆಗಿಯೇ ಉಳಿಯುತ್ತಾನೆ. ಅಲ್ಲಿ ನನಗೆ ಕಿರಿಕಿರಿಯಾದದ್ದು ಒಂದೇ. ಹೆಡ್‌ಲೈನ್ ಇಂಗ್ಲಿಷಿನಲ್ಲಿ ಹುಟ್ಟುತ್ತಿತ್ತು. ಲೇಔಟ್ ಓಕೆ ಆದಮೇಲೆ ಅದರೊಳಗೆ ಕನ್ನಡವನ್ನು ತುರುಕುತ್ತಿದ್ದರು. ಕನ್ನಡಕ್ಕೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಹಾಗಾಗಬಾರದು ಅಂತ ಅಕ್ಷರವನ್ನು ಚಿಕ್ಕದು ಮಾಡುತ್ತಾರೆ. ಆಮೇಲೆ ರಾಯಚೂರು ರಸ್ತೆಯ ಹೋರ್ಡಿಂಗ್ ಬಸ್ಸಿನಿಂದ ಓದಲು ಬರುವುದಿಲ್ಲ. ಅದಕ್ಕೇ ಕರ್ನಾಟಕದ ಕೆಲಸ ಬಂದರೆ ನಾನು ಮೊದಲು ಕನ್ನಡ ಸಾಲನ್ನೇ ಬರೆಸಿ ಕೂರಿಸುತ್ತೇನೆ. ಇಂಗ್ಲಿಷ್ ಆಮೇಲೆ. ಅದಕ್ಕೆ ಜಾಗ ಸಾಲದೆ ಹೋದದ್ದು ನಾನಂತೂ ನೋಡಿಲ್ಲ.